ಹಳೆಯ ಸಾಹೇಬರು ನದಿಗೆ ಕಟ್ಟಿದ ಗೋಡೆ

ಅರ್ಜಿದಾರರ ಹೆಸರು ಓದಿದ ಕೂಡಲೇ ಕಡತ ಮುಚ್ಚಿ ಚಹಾ ಕುಡಿಯಲು ಹೊರಗೆ ಹೋದೆ. ಗಾಡಿಯವನು ಕೊಟ್ಟ ಚಹಾ ಕೈಯಲ್ಲೇ ಆರಿತು. ವಾಪಸು ಬಂದು ಇನ್ನೊಮ್ಮೆ ಓದಿದೆ. ತಪ್ಪಿರಲಿಲ್ಲ. ಅದೇ ಹೆಸರು, ಬಲಕ್ಕೆ ವಾಲಿದ ಅದೇ ಸಹಿ. ಖಾನಾಪುರದ ಹತ್ತಿರ ಮಲಪ್ರಭಾ ನದಿಯ ದಂಡೆಯಲ್ಲಿ ವಾಸಕ್ಕೊಂದು ಮನೆ, ನದಿಯ ಬದಿಗೆ ಕಾಂಕ್ರೀಟ್ ತಡೆಗೋಡೆ, ನೀರಿಗಿಳಿಯಲು ಮೆಟ್ಟಿಲು, ಇಷ್ಟಕ್ಕೆ ಬೆಳಗಾವಿಯ ನಮ್ಮ ನಗರ ಯೋಜನಾ ಕಚೇರಿಗೆ ಅನುಮತಿ ಕೇಳಿದ್ದರು. ಕೇಳಿದವರು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು, ಈಗ ನಿವೃತ್ತರು. ಅವರ ನಕ್ಷೆ ನಿಯಮಕ್ಕೆ ಸರಿಯಿದೆಯೇ ಎಂದು ನೋಡಿ, ಜಾಗಕ್ಕೆ ಹೋಗಿ ಅಳೆದು, ಮೇಲಿನವರಿಗೆ ಟಿಪ್ಪಣಿ ಬರೆಯಬೇಕಾದವನು ನಾನು.

ಅವತ್ತು ಸಂಜೆ ಟಿಳಕವಾಡಿಯ ಮನೆಗೆ ನಡೆದುಕೊಂಡೇ ಹೋದೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುವುದನ್ನು ನೋಡುತ್ತಾ ನಿಂತವನಿಗೆ, ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಇದ್ದದ್ದಕ್ಕೆ ದೇವರು ಕೊನೆಗೂ ಕಣ್ಣು ಬಿಟ್ಟ ಅನ್ನಿಸಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊಟ ಎಂದಿಗಿಂತ ರುಚಿಯಾಗಿತ್ತು.

ಕಾರಣ ಹೇಳದೆ ಮುಂದೆ ಹೋದರೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಪೀರನವಾಡಿ ಕಡೆ ಆಗ ಒಂದು ಹೊಸ ಬಡಾವಣೆಗೆ ಅನುಮತಿ ಕೊಡುವುದಿತ್ತು. ಜಾಗದ ನಡುವೆ ಒಂದು ನಾಲಾ. ನಾನು ಅಳೆದಾಗ ಅಗಲವಾಗಿಯೇ ಇತ್ತು. ಸಾಹೇಬರು ಬಂದು, ದಂಡೆಯ ಮೇಲೆ ನಿಂತು, ಬೇಸಿಗೆಯಲ್ಲಿ ನೀರು ಹರಿಯುತ್ತಿದ್ದ ಸಣ್ಣ ಪಟ್ಟಿಯನ್ನು ತೋರಿಸಿ, ಅದಷ್ಟೇ ನಾಲಾ, ಉಳಿದದ್ದು ಬರೇ ಹಳ್ಳ ಬಿದ್ದ ಜಾಗ, ಹಾಗೇ ಬರೆದುಕೋ ಅಂದರು. ಬರೆದುಕೊಂಡೆ. ಮಳೆಗಾಲದಲ್ಲಿ ಹೊಸ ಮನೆಗಳ ಒಳಗೆ ಮೊಣಕಾಲಿನ ತನಕ ನೀರು ಬಂತು. ದೂರು ಹೋಯಿತು, ವಿಚಾರಣೆ ನಡೆಯಿತು. ವಿಚಾರಣೆಯಲ್ಲಿ ಸಾಹೇಬರು ನನ್ನ ಮುಖ ನೋಡದೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಈ ಹುಡುಗಗ ಟೇಪ್ ಹಿಡಿಯಾಕ ಬರಂಗಿಲ್ರಿ. ನಾ ಅವನ ಅಳತೀನ ನಂಬಿದ್ದು ತಪ್ಪಾತು." ನನಗೆ ಶಿಕ್ಷೆಯಾಯಿತು, ದೂರದ ತಾಲೂಕಿಗೆ ವರ್ಗವಾಯಿತು. ಅವರಿಗೆ ಬಡ್ತಿ ಸಿಕ್ಕಿತು. ಆ ಮಾತು ಮಾತ್ರ ನಾನು ಹೋದ ಪ್ರತಿ ಕಚೇರಿಗೂ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಹಿಂದಿನಿಂದ ನನ್ನನ್ನು ಟೇಪ್ ಸಾಹೇಬರು ಎಂದು ಕರೆಯುತ್ತಿದ್ದರು. ಒಂದು ಕಡೆ ಜವಾನನೂ ಕರೆದ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆ ಪೀರನವಾಡಿಯ ಮೇಲೆಯೇ ಹಾಯುತ್ತದೆ. ಮೊದಲ ಸಲ ಜಾಗ ನೋಡಲು ಹೊರಟಾಗ ಜೀಪಿನ ಕಿಟಕಿಯಿಂದ ಆ ನಾಲಾ ಕಂಡಿತು. ಈಗ ಎರಡೂ ಬದಿ ಮನೆ ಎದ್ದಿವೆ. ನೋಡಿಕೊಂಡೇ ಹೋದೆ. ಮನಸ್ಸು ಹದಕ್ಕೆ ಬಂತು.

ಚಳಿ ಮುಗಿಯುತ್ತಿದ್ದ ದಿನಗಳು. ನದಿ ಇಳಿದು, ಬಂಡೆಗಳ ನಡುವೆ ತಿಳಿಯಾಗಿ ಹರಿಯುತ್ತಿತ್ತು. ಹಳೆಯ ಸಾಹೇಬರು ಮತ್ತಿಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು. ನನ್ನನ್ನು ನೋಡಿ ಎದ್ದು ನಿಂತರು. ಒಂದು ಕಾಲದಲ್ಲಿ ನನ್ನನ್ನು ಏಕವಚನದಲ್ಲಿ ಕೂಗುತ್ತಿದ್ದ ಬಾಯಿ, "ಬರ್ರಿ, ಬರ್ರಿ, ಬಿಸಲಾಗ ಬಂದೀರಿ, ಕುಂದರ್ರಿ" ಅಂದಿತು. ಆಮೇಲೆ ಕಣ್ಣು ಕಿರಿದು ಮಾಡಿ, "ನಿಮ್ಮನ್ನ ಎಲ್ಲೋ ನೋಡ್ದಂಗ ಅನಸ್ತೈತಿ" ಅಂದರು.

"ನೋಡಿರಬೇಕ್ರಿ ಸರ್" ಅಂದೆ. ನನ್ನ ಬದುಕು ಕೆಡಿಸಿದವರಿಗೆ ನನ್ನ ಮುಖವೂ ನೆನಪಿಲ್ಲವೆಂದರೆ! ಆ ಕ್ಷಣದಲ್ಲೇ ನಿಶ್ಚಯ ಮಾಡಿದೆ, ಇವರಿಗೆ ಈ ನದಿಯ ಗಾಳಿಯಲ್ಲಿ ಒಂದು ದಿನವೂ ಸುಖವಾಗಿ ಕೂರಲು ಬಿಡುವುದಿಲ್ಲ ಎಂದು.

ಮನೆಯ ಜಾಗಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದು ನದಿಯಿಂದ ಬಿಡಬೇಕಾದ ಅಂತರದ ಆಚೆಗೇ ಇತ್ತು, ಕೂದಲೆಳೆಯಷ್ಟು. ತಕರಾರಿದ್ದದ್ದು ಗೋಡೆಯದು. ನದಿಯ ಅಂಚಿನ ಆ ಖಾಲಿ ಪಟ್ಟಿಯಲ್ಲಿ ಏನೂ ಕಟ್ಟುವಂತಿಲ್ಲ. ಆದರೆ ದಂಡೆ ಕುಸಿಯುತ್ತಿದ್ದರೆ, ಇದ್ದ ದಂಡೆಯ ಗುಂಟ ಕಲ್ಲು ಹೊದಿಸಿ ರಕ್ಷಣೆ ಮಾಡಿಕೊಳ್ಳಲು ನೀರಾವರಿಯವರ ಒಪ್ಪಿಗೆ ಪಡೆದು ಅನುಮತಿ ಕೊಡಬಹುದು. ಸಾಹೇಬರು ಗೋಡೆಯನ್ನು 'ದಂಡೆ ರಕ್ಷಣಾ ಕಾಮಗಾರಿ' ಎಂದು ಬರೆದಿದ್ದರು. ಗೂಟ ಹೊಡೆದದ್ದು ಮಾತ್ರ ದಂಡೆಯ ಮೇಲಲ್ಲ. ದಂಡೆಯಿಂದ ಕೆಳಗೆ, ಮಳೆಗಾಲದಲ್ಲಿ ನೀರು ಹರಿಯುವ ಪಾತ್ರದೊಳಗೆ. ಪಕ್ಕದಲ್ಲಿ ಟಿಪ್ಪರ್‌ನಿಂದ ಸುರಿದ ಕೆಂಪು ಮುರ್ರಂ ಮಣ್ಣಿನ ರಾಶಿ ಇತ್ತು. ಗೋಡೆ ಎಬ್ಬಿಸಿ, ಹಿಂದೆ ಮಣ್ಣು ತುಂಬಿ, ನದಿಯಿಂದಲೇ ಒಂದು ಅಂಗಳ ಕಸಿದುಕೊಂಡು ಹುಲ್ಲು ಬೆಳೆಸುವ ಲೆಕ್ಕ. ಹೆಚ್ಚು ಬುದ್ಧಿ ಬೇಕಿರಲಿಲ್ಲ. ನಾಲಾದಲ್ಲಿ ಮಾಡಿದ್ದನ್ನೇ ನದಿಯಲ್ಲಿ ಮಾಡುತ್ತಿದ್ದರು.

ಅವತ್ತೇ ಇದನ್ನು ಬರೆದಿದ್ದರೆ ಗೋಡೆ ತಿರಸ್ಕಾರವಾಗುತ್ತಿತ್ತು, ಮನೆಗೆ ಅನುಮತಿ ಸಿಗುತ್ತಿತ್ತು, ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯುವುದು ನನಗೆ ಬೇಕಿರಲಿಲ್ಲ.

ನಾನು ಜೀಪು ಹತ್ತುವಾಗ ಬೇಲಿಯ ಆಚೆಯಿಂದ ಒಬ್ಬ ಹೆಂಗಸು ಕೂಗಿದರು. ನದಿ ಹರಿಯುವ ದಿಕ್ಕಿನಲ್ಲಿ ಸಾಹೇಬರ ಜಾಗಕ್ಕೆ ಹತ್ತಿಕೊಂಡೇ ಅವರ ತೋಟ. ಬದನೆ, ಮೆಣಸಿನಕಾಯಿ, ಸೊಪ್ಪು ಬೆಳೆದು ಖಾನಾಪುರದ ಸಂತೆಗೆ ಒಯ್ಯುವವರು. ತಲೆಮಾರುಗಳಿಂದ ಅಲ್ಲೇ ಇದ್ದ ಮುಸ್ಲಿಂ ಕುಟುಂಬ. ಗಂಡ ತೀರಿಹೋದ ಮೇಲೆ ಸೊಸೆಯ ಜೊತೆ ತೋಟ ನೋಡಿಕೊಳ್ಳುತ್ತಿದ್ದರು. ಸುತ್ತಲಿನವರೆಲ್ಲ ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗೋಡೆ ಬೇಡವೆಂದು ನಮ್ಮ ಕಚೇರಿಗೆ ಆಕ್ಷೇಪಣೆ ಕೊಟ್ಟವರು ಅವರೇ. ದಂಡೆಗೆ ಹತ್ತಿ ಒಂದು ಬಾವಿಯಿದೆ, ಬಂದು ನೋಡಿ ಅಂದರು. ಮುಂದಿನ ಸಲ ಬರುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ಅವರ ಆಕ್ಷೇಪಣೆ ನನ್ನ ಕೈಗೆ ಸಿಕ್ಕ ಒಳ್ಳೆಯ ಬಡಿಗೆ. ಬಾವಿ ನೋಡುವ ಮನಸ್ಸು ನನಗಿರಲಿಲ್ಲ.

ನಮ್ಮ ಕೆಲಸದಲ್ಲಿ ಅರ್ಜಿದಾರರನ್ನು ಸಾಯಿಸದೆ ಸಾಯಿಸುವ ಒಂದು ದಾರಿಯಿದೆ. ಕಡತದಲ್ಲಿ ಐದು ಕೊರತೆಯಿದ್ದರೆ ಐದನ್ನೂ ಒಮ್ಮೆಲೇ ಕೇಳದೆ ಒಂದೊಂದೇ ಕೇಳುವುದು. ಇದಕ್ಕೆ ಕ್ವೆರಿ ಹಾಕುವುದು ಎನ್ನುತ್ತೇವೆ. ಒಂದಕ್ಕೆ ಉತ್ತರ ಬಂದ ಮೇಲೆ ಇನ್ನೊಂದು. ನನಗೆ ಇದನ್ನು ಕಲಿಸಿದವರು ಆ ಸಾಹೇಬರೇ. ಎದುರಿನವನು ಓಡಾಡಿ ಓಡಾಡಿ ಚಪ್ಪಲಿ ಸವೆಸಲಿ, ಆಗ ಮೆತ್ತಗಾಗುತ್ತಾನೆ ಎನ್ನುತ್ತಿದ್ದರು.

ಮೊದಲು ಜಮೀನು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಮಾಡಿದ ಆದೇಶದ ದೃಢೀಕೃತ ಪ್ರತಿ ಕೇಳಿದೆ. ಕೊಟ್ಟರು. ಗಡಿ ಗುರುತಿಸಿ ಹದ್ದುಬಸ್ತು ಮಾಡಿದ ಸರ್ವೆ ನಕ್ಷೆ ಕೇಳಿದೆ. ಅದಕ್ಕೆ ಖಾನಾಪುರದ ಸರ್ವೆಯವರ ಬಾಗಿಲಲ್ಲಿ ಕಾದರು, ತಂದರು. ಆಮೇಲೆ ಗೋಡೆಯ ಅಡಿಪಾಯದ ಲೆಕ್ಕ. ಆಮೇಲೆ ಆ ಲೆಕ್ಕ ಮಾಡಿದ ಎಂಜಿನಿಯರ್‌ನ ನೋಂದಣಿ ಪತ್ರ. ಒಂದು ಸಲ, ಜಾಗಕ್ಕೆ ಹೋಗುವ ರಸ್ತೆಯ ಅಗಲ ಸಾಲದು ಎಂದೂ ಬರೆದೆ. ಅದಕ್ಕೆ ಆಧಾರವಿರಲಿಲ್ಲ. ಪ್ರತಿ ಸಲ ಅವರು ಸ್ವತಃ ಬರುತ್ತಿದ್ದರು. ಹೊರಗಿನ ಬೆಂಚಿನ ಮೇಲೆ, ಒಂದು ಕಾಲದಲ್ಲಿ ತಮ್ಮ ಕಾರು ನಿಲ್ಲುತ್ತಿದ್ದ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾನು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಒಳಗೆ ಕೆಲಸವಿಲ್ಲದಿದ್ದರೂ ಊಟದ ಹೊತ್ತಿನ ತನಕ ಕಾಯಿಸುತ್ತಿದ್ದೆ. ಒಮ್ಮೆ ಅವರು ಕೂತಲ್ಲೇ ತೂಕಡಿಸಿ ಕತ್ತು ವಾಲಿದ್ದು ನೋಡಿ ನನಗೆ ಆದ ಆನಂದವನ್ನು ಯಾರ ಹತ್ತಿರವೂ ಹೇಳುವಂತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಕಿರಿಯ ಸಹೋದ್ಯೋಗಿ ಪಾರಿಶ್ವಾಡದ ಹೆಣ್ಣುಮಗಳು. ಲಿಂಗಾಯತ ಒಕ್ಕಲು ಮನೆತನದವರು. ಹಣೆಯ ಮೇಲಿನ ವಿಭೂತಿ ಎಷ್ಟು ನೇರವೋ ಮಾತೂ ಅಷ್ಟೇ ನೇರ. ಒಂದು ದಿನ ಅಂದರು, "ಸರ್, ಎಲ್ಲಾ ಕ್ವೆರಿ ಒಮ್ಮೆಲೇ ಕೇಳಿಬಿಡ್ರಲಾ. ಮುದುಕರು ಎಷ್ಟ್ ಸಲ ಅಡ್ಡಾಡಬೇಕು?" ನಿಮ್ಮ ಕಡತ ನೀವು ನೋಡಿಕೊಳ್ಳಿ ಎಂದು ಬಾಯಿ ಮುಚ್ಚಿಸಿದೆ.

ನಾನು ಮರೆತದ್ದು ಒಂದೇ. ಅವರು ಬರೇ ಬೆಂಚಿನ ಮೇಲೆ ಕೂತ ಬಡಪಾಯಿಯಲ್ಲ, ನಿಯಮಗಳನ್ನು ಅರೆದು ಕುಡಿದವರು. ಅರ್ಜಿ ಕೊಟ್ಟ ಮೇಲೆ ನಿಗದಿತ ಅವಧಿಯೊಳಗೆ ಹೌದು ಅಥವಾ ಇಲ್ಲ ಎನ್ನದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು ತಿಳಿಯಬಹುದು, ಹಾಗೊಂದು ನಿಯಮವಿದೆ. ಕ್ವೆರಿ ಹಾಕಿದಾಗ ಅವಧಿ ನಿಲ್ಲುತ್ತದೆ, ಸರಿ. ಆದರೆ ಆಧಾರವಿಲ್ಲದ ಕ್ವೆರಿಗೆ ನಿಲ್ಲುವುದಿಲ್ಲ. ರಸ್ತೆಯ ಅಗಲದ ನನ್ನ ಕ್ವೆರಿಗೆ ಅವರು ಉತ್ತರವನ್ನೇ ಕೊಡಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತರು. ಸೋತರೆಂದು ನಾನು ಹಿಗ್ಗಿದೆ. ಅವಧಿ ಮುಗಿದ ಮೇಲೆ ನೋಂದಾಯಿತ ಅಂಚೆಯಲ್ಲಿ ಪತ್ರ ಬಂತು: ಕಚೇರಿ ತೀರ್ಮಾನ ತಿಳಿಸದ ಕಾರಣ ಅನುಮತಿ ದೊರೆತಿದೆ ಎಂದು ಭಾವಿಸಿ ಕೆಲಸ ಆರಂಭಿಸಿರುತ್ತೇನೆ.

ಜೀಪು ತೆಗೆದುಕೊಂಡು ಓಡಿದೆ. ಮನೆಯ ಪಾಯ ಮುಗಿದಿತ್ತು. ನದಿಯ ಬದಿಗೆ ಕಬ್ಬಿಣದ ಜಾಲರಿ ನಿಂತಿತ್ತು. ನೀರು ಕಡಿಮೆಯಿದ್ದ ದಿನಗಳನ್ನು ನಾನು ಕ್ವೆರಿಯಲ್ಲಿ ಕಳೆದಿದ್ದೆ, ಉಳಿದದ್ದನ್ನು ಅವರು ಕಾಂಕ್ರೀಟಿನಲ್ಲಿ ಕಳೆಯುತ್ತಿದ್ದರು. ಕೆಲಸ ನಿಲ್ಲಿಸುವ ನೋಟಿಸು ಅಂಟಿಸಿ ಬಂದೆವು. ಅವರು ಮೇಲ್ಮನವಿ ಹೋಗಿ ನೋಟಿಸಿಗೆ ತಡೆ ತಂದು, ಗೋಡೆ ಎಬ್ಬಿಸಿ ಹಿಂದೆ ಮಣ್ಣು ತುಂಬಿಸಿದರು. ಆಗಲೇ ಎದ್ದಿದ್ದ ಗೋಡೆ ವಿಚಾರಣೆ ಮುಗಿಯುವ ತನಕ ಹಾಗೇ ಇರಬೇಕೆಂದು ಆದೇಶವಾಯಿತು. ಕಚೇರಿಯಲ್ಲಿ ಯಾರೋ ಹಿಂದಿನಿಂದ ಹಳೆಯ ಅಡ್ಡಹೆಸರಿನಲ್ಲಿ ನನ್ನ ಬಗ್ಗೆ ಮಾತಾಡಿ ನಕ್ಕದ್ದು ಕೇಳಿಸಿತು.

ಮಳೆ ಜೋರಾಯಿತು. ನದಿ ಹುಟ್ಟುವ ಕಣಕುಂಬಿ ಕಡೆ ಸುರಿದದ್ದೆಲ್ಲ ಕೆಂಪಗೆ ಇಳಿದು ಬಂದು ಮಲಪ್ರಭೆ ದಂಡೆಯ ಸಮ ಹರಿಯಿತು. ನೀರು ಸ್ವಲ್ಪ ಇಳಿದಾಗ ಚಾಚಿಯ ಸೊಸೆ ಕಚೇರಿಗೆ ಫೋನ್ ಮಾಡಿ, ಅತ್ತೆ ನಿಮಗೆ ಬರಲು ಹೇಳುತ್ತಿದ್ದಾರೆ ಎಂದಷ್ಟೇ ಹೇಳಿದರು.

ಹೋಗಿ ನೋಡಿದೆ. ಗೋಡೆಗೆ ಏನೂ ಆಗಿರಲಿಲ್ಲ, ಗಟ್ಟಿಯಾಗಿಯೇ ಕಟ್ಟಿಸಿದ್ದರು. ಆದರೆ ಅದು ನದಿಯೊಳಗೆ ಚಾಚಿಕೊಂಡಿದ್ದರಿಂದ ಹರಿವು ಅದಕ್ಕೆ ಬಡಿದು, ತುದಿಯಲ್ಲಿ ಸುಳಿ ತಿರುಗಿ, ಆಚೆಗಿನ ಮಣ್ಣಿನ ದಂಡೆಯನ್ನು ಬುಡದಿಂದ ಕೊರೆದಿತ್ತು. ಚಾಚಿಯ ಬದನೆಯ ಮಡಿಗಳು ಅರ್ಧಕ್ಕೆ ಕಡಿದು ನಿಂತಿದ್ದವು. ಎಮ್ಮೆ ಕಟ್ಟುವ ಗುಡಿಸಲು ಹೋಗಿತ್ತು. ಎಮ್ಮೆಯನ್ನು ಬಿಚ್ಚಿಕೊಂಡಿದ್ದರಂತೆ. ಬಾವಿಯಿದ್ದ ಕಡೆ ಒಳಗಿನ ಕಲ್ಲುಕಟ್ಟಡದ ಅರ್ಧ ವೃತ್ತ ಮಾತ್ರ ಹೊರಗೆ ಕಾಣುತ್ತಿತ್ತು. ಉಳಿದದ್ದು ನದಿ. ನಾನು ಆ ಬಾವಿಯನ್ನು ನೋಡಿದ್ದು ಅದೇ ಮೊದಲು.

ಚಾಚಿ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ನಿಂತರು. ಬೇಗ ಗೋಡೆ ತೆಗೆಸುತ್ತೇನೆ, ಅವರನ್ನು ಬಿಡುವುದಿಲ್ಲ ಎಂದು ನಾನು ಏನೇನೋ ಹೇಳಲು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಸಾಹೇಬ್ರ, ನೀವು ಎಷ್ಟ್ ಸಲ ಬಂದ್ರೂ ಅವರ ಮನಿ ಕಡೇನ ನೋಡಿದ್ರಿ. ನನ್ನ ದಂಡಿ ಒಮ್ಮಿನೂ ನೋಡ್ಲಿಲ್ಲ. ನಿಮ್ಮಿಬ್ಬರ ನಡುವ ಏನೈತೋ ನನಗ ಗೊತ್ತಿಲ್ರಿ. ಅದರಾಗ ನನ್ನ ಬಾವಿ ಹೋತು."

ವಾಪಸು ಬರುವಾಗ ಡ್ರೈವರ್ ಏನೋ ಕೇಳಿದ. ನನಗೆ ಕೇಳಿಸಲಿಲ್ಲ. ಪೀರನವಾಡಿಯ ನಾಲಾ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಮರುದಿನ ಕಚೇರಿಯ ಮುಖ್ಯಸ್ಥರ ಮುಂದೆ ಕೂತು, ಈ ಕಡತದಿಂದ ನನ್ನನ್ನು ಬಿಡಿಸಿ, ಅರ್ಜಿದಾರರಿಗೂ ನನಗೂ ಹಳೆಯ ಲೆಕ್ಕವಿದೆ ಎಂದೆ. ಅವರಿಗೆ ಗಾಬರಿಯಾಯಿತು. ಮೇಲ್ಮನವಿ ನಡೆಯುತ್ತಿರುವಾಗ ಕಡತ ಬಿಟ್ಟರೆ ತಪ್ಪು ಒಪ್ಪಿಕೊಂಡಂತೆ, ಎದುರಿನವರಿಗೆ ಆಯುಧ ಕೊಟ್ಟಂತೆ ಎಂದು ಬುದ್ಧಿ ಹೇಳಿದರು. ನಾನು ಪಟ್ಟು ಬಿಡಲಿಲ್ಲ. ಇದರಲ್ಲಿ ಪಶ್ಚಾತ್ತಾಪ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ನನಗೇ ಗೊತ್ತಿಲ್ಲ. ಚಾಚಿಯ ಮುಖ ಕಣ್ಣಮುಂದಿತ್ತು, ಅದು ನಿಜ. ನಾನು ಕಡತದಲ್ಲಿ ಇರುವ ತನಕ ಗೋಡೆಯ ವಿಷಯ ಪಕ್ಕಕ್ಕೆ ಸರಿದು ನನ್ನ ಹಗೆತನವೇ ವಿಚಾರಣೆಗೆ ಬರುತ್ತದೆ, ಅವರು ಗೆಲ್ಲುತ್ತಾರೆ ಎಂಬುದೂ ಅಷ್ಟೇ ನಿಜ. ಅವರು ಗೆಲ್ಲುವುದನ್ನು ನಾನು ಸಹಿಸಲಾರೆ. ನನ್ನ ಕೈಯಿಂದಲೇ ಅವರನ್ನು ಬೀಳಿಸಬೇಕೆಂಬ ಆಸೆಯನ್ನು ಅವತ್ತು ಬಿಟ್ಟೆ. ಅವರು ಬಿದ್ದರೆ ಸಾಕು.

ಕಡತ ಪಾರಿಶ್ವಾಡದ ಸಹೋದ್ಯೋಗಿಗೆ ಹೋಯಿತು. ಗೋಡೆ ಯಾಕೆ ತಪ್ಪು ಎಂದು ನಾನು ಹೇಳಲು ಹೋದಾಗ ಅವರು ಪೆನ್ನು ಕೆಳಗಿಟ್ಟು, ಏನೂ ಹೇಳಬೇಡಿ, ನಾನು ಮೊದಲಿನಿಂದ ನೋಡುತ್ತೇನೆ ಅಂದರು. ನನ್ನ ಟಿಪ್ಪಣಿಗಳ ಮೇಲೆ ಬಿಳಿ ಹಾಳೆ ಹಾಕಿ ದಾರ ಕಟ್ಟಿಟ್ಟರು. ನನಗೆ ಕೆನ್ನೆಗೆ ಹೊಡೆದಂತಾಯಿತು.

ಅವರು ಮಾಡಿದ ಕೆಲಸ ಸರಳ. ಮೇಲ್ಮನವಿಯ ಅಧಿಕಾರಿಗಳಿಂದ ಜಂಟಿ ತನಿಖೆಗೆ ಆದೇಶ ಪಡೆದರು. ಸರ್ವೆಯವರು, ನೀರಾವರಿಯವರು, ಸಾಹೇಬರು, ಚಾಚಿ, ಎಲ್ಲರ ಎದುರಿಗೆ ಗೋಡೆಯ ಹಿಂದಿನ ಹುಲ್ಲಿನ ಅಂಗಳದಲ್ಲಿ ಅಲ್ಲಲ್ಲಿ ಗುಂಡಿ ತೆಗೆಸಿದರು. ಮೇಲೆ ಕೆಂಪು ಮುರ್ರಂ, ಅದರ ಕೆಳಗೆ ಒಮ್ಮೆಲೇ ನದಿ ತಂದು ಹಾಕಿದ ಕಪ್ಪು ರೇವೆ ಮಣ್ಣು. ಮನೆಯ ಕಡೆಯ ಗುಂಡಿಗಳಲ್ಲಿ ರೇವೆ ಬೇಗ ಸಿಕ್ಕಿತು, ನದಿಯ ಕಡೆಗೆ ಹೋದಂತೆಲ್ಲ ಆಳಕ್ಕೆ ಇಳಿಯಿತು. ಗುಂಡಿಯಿಂದ ಗುಂಡಿಗೆ ಗೆರೆ ಎಳೆದರೆ ಹೂತುಹೋಗಿದ್ದ ಹಳೆಯ ದಂಡೆಯ ಇಳಿಜಾರು ಹಾಳೆಯ ಮೇಲೆ ಎದ್ದು ಬಂತು. ಗೋಡೆ ಅದರಿಂದ ಆಚೆ, ನದಿಯೊಳಗೆ ನಿಂತಿತ್ತು. ಇದನ್ನೆಲ್ಲ ಅವರ ವರದಿ ಓದಿ ತಿಳಿದುಕೊಂಡೆ. ಅದೇ ವರದಿಯಲ್ಲಿ, ಮನೆ ನಿಯಮಬದ್ಧವಾಗಿದೆ ಎಂದೂ, ರಸ್ತೆಯ ಅಗಲದ ಬಗ್ಗೆ ಹಿಂದಿನ ಅಧಿಕಾರಿ ಎತ್ತಿದ ಆಕ್ಷೇಪಣೆಗೆ ಆಧಾರವಿಲ್ಲವೆಂದೂ ಬರೆದಿದ್ದರು. ಹಿಂದಿನ ಅಧಿಕಾರಿ ನಾನು. ಇಡೀ ಮನೆ ಉರುಳಿಸುವ ಕನಸು ಅಲ್ಲಿಗೆ ಹೋಯಿತು.

ವಿಚಾರಣೆಯ ದಿನ ಬೆಳಗಾವಿಯ ಆ ಕೋಣೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸಾಹೇಬರು ವಕೀಲರನ್ನು ಇಟ್ಟುಕೊಂಡಿರಲಿಲ್ಲ, ತಾವೇ ವಾದಿಸಿದರು. ಅವಧಿ ಮುಗಿದದ್ದು, ಅನುಮತಿ ಸಿಕ್ಕಂತಾದದ್ದು, ಎಲ್ಲವನ್ನೂ ಬಿಡಿಸಿ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ ಬೆರಳು ತೋರಿಸಿದರು.

"ಈ ಅಧಿಕಾರಿ ನನ್ನ ಕೈ ಕೆಳಗ ಇದ್ದವರು. ಪೀರನವಾಡಿ ನಾಲಾ ಪ್ರಕರಣದಾಗ ನನ್ನ ಹೇಳಿಕಿ ಮ್ಯಾಲ ಇವರಿಗೆ ಶಿಕ್ಷಾ ಆಗೇತಿ. ಆ ಸಿಟ್ಟು ನನ್ನ ಮ್ಯಾಲ ತೀರಿಸ್ಕೊಂಡಾರ. ಮೊದಲ ದಿನ ನೋಡಿದಾಗ ನನಗ ಗೊತ್ತಾತು."

ಎಲ್ಲೋ ನೋಡಿದಂತಿದೆ ಎಂದಿದ್ದರಲ್ಲ. ಎಲ್ಲವೂ ನೆನಪಿತ್ತು. ಮತ್ತಿಮರದ ಕೆಳಗೆ ಕೂತು ನನ್ನನ್ನು ಅಳೆದು, ನಾನು ಸಿಟ್ಟಿನಲ್ಲಿ ಎಡವುತ್ತೇನೆ ಎಂದು ಲೆಕ್ಕ ಹಾಕಿ, ನನ್ನ ಕ್ವೆರಿಗಳನ್ನೇ ಮೆಟ್ಟಿಲು ಮಾಡಿಕೊಂಡು ಅವಧಿ ದಾಟಿದ್ದರು. ನಾನಿನ್ನೂ ಆ ಕಡತದಲ್ಲಿದ್ದಿದ್ದರೆ ಪ್ರಕರಣ ಆ ಮಾತಿಗೆ ಮುಗಿಯುತ್ತಿತ್ತು.

ಅಧಿಕಾರಿಗಳು ಸಹೋದ್ಯೋಗಿಯನ್ನು ಕೇಳಿದರು, ಇದಕ್ಕೆ ಏನು ಹೇಳುತ್ತೀರಿ ಎಂದು. ಅವರು ಎದ್ದು, "ಹಿಂದಿನವರು ಏನ್ ಬರದಾರ ಅನ್ನೂದನ್ನ ನಾ ಆಧಾರಾ ಮಾಡಿಲ್ರಿ. ಅದು ಸುಳ್ಳ ಇದ್ರ ಸುಳ್ಳ ಅಂತನ ಬರದೀನಿ. ಗುಂಡಿ ತಗಿಸೂವಾಗ ಅರ್ಜಿದಾರ್ರು ಬಾಜೂನ ನಿಂತಿದ್ರು. ಮಣ್ಣಿನ ಬಣ್ಣಾ ಅವರೂ ನೋಡ್ಯಾರ್ರಿ" ಅಂದು ಕೂತರು. ಸಾಹೇಬರು ಮುಂದಿದ್ದ ತಮ್ಮ ಕಾಗದಗಳನ್ನು ಒಟ್ಟು ಮಾಡತೊಡಗಿದರು.

ಅವಧಿ ಮುಗಿದರೆ ಸಿಗುವ ಅನುಮತಿ ನಿಯಮದೊಳಗಿನ ಕೆಲಸಕ್ಕೆ ಮಾತ್ರ, ನದಿಯ ಪಾತ್ರಕ್ಕಲ್ಲ ಎಂದು ತೀರ್ಪಾಯಿತು. ಮನೆ ಉಳಿಯಿತು. ಗೋಡೆ, ಮೆಟ್ಟಿಲು, ತುಂಬಿದ ಮಣ್ಣು ಎಲ್ಲವನ್ನೂ ಅವರದೇ ಖರ್ಚಿನಲ್ಲಿ ತೆಗೆಸಿ, ಚಾಚಿಯ ದಂಡೆಗೆ ಕಲ್ಲು ಹೊದಿಸಿಕೊಡಬೇಕೆಂದು ಆದೇಶವಾಯಿತು. ಅದೇ ವಾರ ಸಾಹೇಬರು ನನ್ನ ಮೇಲೆ ಇಲಾಖೆಗೆ ದೂರು ಕೊಟ್ಟರು. ದುರುದ್ದೇಶದಿಂದ ವಿಳಂಬ ಮಾಡಿದ್ದಾನೆ, ಕ್ರಮ ಕೈಗೊಳ್ಳಿ ಎಂದು. ನನಗೆ ಮತ್ತೆ ವಿಚಾರಣೆಯ ನೋಟಿಸು ಬಂತು.

ಗೋಡೆ ಒಡೆಯುವ ದಿನ ರಜೆ ಹಾಕಿ ಹೋದೆ. ನನಗಲ್ಲಿ ಕೆಲಸವಿರಲಿಲ್ಲ, ನೋಡಲಿಕ್ಕೆಂದೇ ಹೋದದ್ದು. ನೀರು ಇಳಿದಿತ್ತು. ಯಂತ್ರದ ಮೂತಿ ಕಾಂಕ್ರೀಟಿಗೆ ಬಡಿದು ಮೊದಲ ತುಂಡು ಕಳಚಿದಾಗ ನನ್ನೊಳಗೆ ಎಷ್ಟೋ ವರ್ಷದಿಂದ ಬಿಗಿದಿದ್ದ ಏನೋ ಸಡಿಲಾಯಿತು. ಸಾಹೇಬರು ಕುರ್ಚಿಯಿಂದ ಎದ್ದು ಬಂದು ಡ್ರೈವರ್‌ಗೆ, ಬುಡಕ್ಕೆ ಹೊಡೆಯಬೇಡ, ಗೋಡೆ ಒಮ್ಮೆಲೇ ನದಿಗೆ ಬಿದ್ದರೆ ನೀರು ಮತ್ತೆ ಚಾಚಿಯ ಕಡೆ ತಿರುಗುತ್ತದೆ, ಮೇಲಿನಿಂದ ಬಿಚ್ಚುತ್ತಾ ಬಾ ಎಂದರು. ಸರಿಯಾದ ಮಾತೇ. ತಮ್ಮ ಗೋಡೆಯನ್ನು ಒಡೆಸುವುದರಲ್ಲೂ ಅವರು ಪಳಗಿದವರೇ. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಮಧ್ಯಾಹ್ನ ಯಂತ್ರ ನಿಂತಾಗ ನನ್ನ ಹತ್ತಿರ ಬಂದರು.

"ನೋಟಿಸ್ ಬಂದಿರಬೇಕಲಾ."

"ಬಂದೈತ್ರಿ ಸರ್."

"ಸಿಬ್ಬಂದಿ ಕಡಿಮಿ ಇದ್ರು, ಕೆಲಸದ ಒತ್ತಡ ಇತ್ತು ಅಂತ ಬರೀರಿ. ನಡೀತೈತಿ. ನಾ ಎಷ್ಟೋ ಮಂದಿಗೆ ಹಂಗ ಬರದು ಕೊಟ್ಟೀನಿ." ದೂರು ಕೊಟ್ಟವರೇ ತಪ್ಪಿಸಿಕೊಳ್ಳುವ ದಾರಿ ಹೇಳುತ್ತಿದ್ದರು. ಇಬ್ಬರೂ ಒಂದೇ ಇಲಾಖೆಯ ನೌಕರರು, ಒಳಗಿಂದೊಳಗೆ ಮುಗಿಸೋಣ ಎನ್ನುವ ಧಾಟಿ.

"ಇಲ್ರಿ ಸರ್. ಬೇಕಂತನ ತಡಾ ಮಾಡಿದೆ ಅಂತ ಬರೀತೇನಿ. ಯಾಕ ಮಾಡಿದೆ ಅನ್ನೂದನ್ನೂ ಬರೀತೇನಿ. ನಾಲಾದ ದಂಡಿ ಮ್ಯಾಲ ನಿಂತು ನೀವು ಏನ್ ಹೇಳಿದ್ರಿ, ಅಲ್ಲಿಂದ ಸುರು ಮಾಡ್ತೇನಿ."

ಅವರು ನನ್ನನ್ನು ನೋಡಿದರು. ನಾಲಾದ ವಿಚಾರಣೆಯಲ್ಲಿ ನೋಡದಿದ್ದ ಮುಖವನ್ನು ಈಗ ನೋಡಿದರು.

"ಹಂಗ ಬರದ್ರ ನಿಮಗ ಶಿಕ್ಷಾ ತಪ್ಪಂಗಿಲ್ಲ."

"ಗೊತ್ತೈತ್ರಿ."

"ಇಷ್ಟು ವರ್ಷ ಆತು. ಈಗ್ಯಾಕ ಅದನ್ನ ಎಬ್ಬಸ್ತೀರಿ?" ಅವರ ದನಿ ಇಳಿದಿತ್ತು. ಅವರ ಬಾಯಿಂದ ನಾನು ಕೇಳಿದ ಮೊದಲ ವಿನಂತಿ ಅದು. ನಾನು ಖಾನಾಪುರದ ಬಸ್ಸು ಹಿಡಿಯಲು ರಸ್ತೆಗೆ ಹತ್ತಿದೆ. ಚಾಚಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ನಾನು ನಮಸ್ಕಾರ ಮಾಡಿದೆ, ಅವರು ತಲೆಯಾಡಿಸಿದರು, ಕೂರಿ ಅನ್ನಲಿಲ್ಲ. ದಂಡೆಗೆ ಕಲ್ಲು ಬಂತು, ಬಾವಿ ಬರಲಿಲ್ಲ. ಈಗಲೂ ಅವರ ಮನೆಗೆ ದೂರದ ಬೋರಿನಿಂದ ಕೊಡದಲ್ಲಿ ನೀರು ತರುತ್ತಾರೆ. ನನ್ನ ಲೆಕ್ಕದಲ್ಲಿ ತೀರದೆ ಉಳಿದದ್ದು ಅದೊಂದು.

ಹೇಳಿದಂತೆಯೇ ಬರೆದೆ. ನಾಲಾದ ಅಳತೆ, ಅದನ್ನು ಕಡಿಮೆ ಮಾಡಲು ಯಾರು ಹೇಳಿದರು, ಆಮೇಲೆ ಯಾರು ಇಲ್ಲವೆಂದರು, ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಏನೇನು ಮಾಡಿದೆ, ಅದರಿಂದ ಯಾರ ಬಾವಿ ಹೋಯಿತು, ಎಲ್ಲವನ್ನೂ. ವಿಚಾರಣಾಧಿಕಾರಿ ಎರಡು ಸಲ ಓದಿ, ಸಹಿ ಮಾಡುವ ಮೊದಲು ಯಾರನ್ನಾದರೂ ಕೇಳಬೇಕೇ ಎಂದರು. ಬೇಡ ಎಂದೆ. ನನ್ನ ಹೇಳಿಕೆಯಲ್ಲಿ ದೂರುದಾರರ ಹೆಸರು ಬಂದದ್ದರಿಂದ ಅದಕ್ಕೆ ಏನಾದರೂ ಹೇಳುವುದಿದೆಯೇ ಎಂದು ಅವರಿಗೆ ಪತ್ರ ಬರೆದು ಕೇಳಿದರು. ನೆನಪೋಲೆಯನ್ನೂ ಕಳಿಸಿದರು.

ನನಗೆ ಶಿಕ್ಷೆಯಾಯಿತು. ಆದೇಶ ಕೈಗೆ ಬಂದ ದಿನ ಕಚೇರಿಯ ಹಿಂದಿನ ಹುಣಸೆಮರದ ಕಟ್ಟೆಯ ಮೇಲೆ ಕೂತು ಓದಿದೆ. ತನ್ನ ಶಿಕ್ಷೆಯ ಆದೇಶವನ್ನು ಅಷ್ಟು ನಿಧಾನವಾಗಿ, ಅಷ್ಟು ಸಂತೋಷದಿಂದ ಓದಿದ ನೌಕರ ಇನ್ನೊಬ್ಬ ಇರಲಾರ. ಕೊನೆಯಲ್ಲಿ ನನ್ನ ಅಪರಾಧ, ನನಗೆ ದಂಡ. ಮೊದಲ ಪುಟದಲ್ಲಿ ಮಾತ್ರ, ಸರ್ಕಾರದ ಮುದ್ರೆಯ ಕೆಳಗೆ, ಪೀರನವಾಡಿಯ ನಾಲಾವನ್ನು ಕಿರಿದು ಮಾಡಿ ಬರೆಯಲು ಹೇಳಿದವರು ಯಾರೆಂಬ ನನ್ನ ಹೇಳಿಕೆ. ಅದರ ಕೆಳಗೆ ಇನ್ನೊಂದು ಸಾಲು: ಈ ಬಗ್ಗೆ ದೂರುದಾರರಿಗೆ ಅವಕಾಶ ನೀಡಿದರೂ ಅವರು ಅದನ್ನು ಅಲ್ಲಗಳೆದು ಉತ್ತರ ಸಲ್ಲಿಸಿರುವುದಿಲ್ಲ.

ಆದೇಶದ ಪ್ರತಿಯನ್ನು ದೂರುದಾರರಿಗೂ ಕಳಿಸಬೇಕು. ಲಕೋಟೆಗೆ ವಿಳಾಸ ಬರೆಯುವ ಗುಮಾಸ್ತ ಖಾನಾಪುರದ ಮನೆಗೋ ಬೆಳಗಾವಿಯ ಮನೆಗೋ ಎಂದು ಕೇಳಿದ. ನದಿ ದಂಡೆಯ ಮನೆಗೆ ಕಳಿಸು ಅಂದೆ.